ಭಾವನ ಕಾರು ಮತ್ತು ಇಳಿಜಾರಿನ ನೆಂಟರು

ನನ್ನ ಭಾವನವರಿಗೆ ನೆಂಟರೆಲ್ಲ ಇಳಿಜಾರಿನಲ್ಲಿ ಮಾತ್ರ ಇದ್ದ ಒಂದು ಕಾಲವಿತ್ತು. ಸಮತಟ್ಟು ಜಾಗದಲ್ಲಿ ಮನೆ ಕಟ್ಟಿಕೊಂಡವರನ್ನು ಅವರು ಸಂಬಂಧಿಕರೆಂದು ಒಪ್ಪುತ್ತಿದ್ದುದೇ ಕಡಿಮೆ. ಒಪ್ಪಿದರೂ ಅವರ ಮನೆಗೆ ಹೋಗುತ್ತಿರಲಿಲ್ಲ. ಪೊಳಲಿಯಲ್ಲಿ ಒಂದು ನಾಮಕರಣಕ್ಕೆ ಕರೆ ಬಂದಾಗ, "ಊಟ ಒಳ್ಳೆದಿರಬಹುದು ಮಾರಾಯ, ಆದ್ರೆ ಅಂಗಳ ಚಪ್ಪಟೆ" ಎಂದು ಮನೆಯಲ್ಲೇ ಗಂಜಿ ಉಂಡರು. ಅದೇ ತಿಂಗಳು ಕನ್ಯಾನದಲ್ಲಿ ಯಾರೋ ದೂರದವರ ಹೊಸಮನೆ ಗುಡ್ಡದ ನೆತ್ತಿಯ ಮೇಲಿದೆ ಎಂದು ತಿಳಿದು, ಕರೆಯದಿದ್ದರೂ ಮನೆಯೊಕ್ಕಲಿಗೆ ಹೋಗಿ ಪಾಯಸ ಕುಡಿದು ಬಂದರು.

ಇಷ್ಟಕ್ಕೆಲ್ಲ ಕಾರಣ ಅವರ ಕಾರು. ಕೊಂಡ ಕಾರಲ್ಲ, ಕಟ್ಟಿದ ಕಾರು. ಭಾವ ಶಾಲೆಯಲ್ಲಿ ಕ್ರಾಫ್ಟ್ ಮಾಸ್ಟರಾಗಿದ್ದವರು. ನಿವೃತ್ತರಾದ ಮೇಲೆ ಬಂಟ್ವಾಳದ ತಮ್ಮ ಮನೆಯ ಕೊಟ್ಟಿಗೆಯಲ್ಲಿ, ಒಂದು ಹಳೆಯ ಜೀಪಿನ ಚಾಸಿಗೆ ಒಂದು ಗುಜರಿ ವ್ಯಾನಿನ ಎಂಜಿನ್ ಕೂರಿಸಿ, ತಗಡನ್ನು ತಾವೇ ಬಡಿದು ಬಗ್ಗಿಸಿ, ತಮ್ಮ ಬಾಲ್ಯದಲ್ಲಿ ಯಾವುದೋ ಜಮೀನ್ದಾರರ ಬಳಿ ಕಂಡಿದ್ದ ಉದ್ದ ಮೂತಿಯ ತೆರೆದ ಕಾರನ್ನು ಮತ್ತೆ ಸೃಷ್ಟಿಸಿದರು. ಕಾಗದಪತ್ರದ ಮಟ್ಟಿಗೆ ಅದು ಈಗಲೂ ಜೀಪು. ಹಿಂದಿನ ಸೀಟು ಮುಚ್ಚಿಹೋದ ಟಾಕೀಸಿನಿಂದ ತಂದ ಕುರ್ಚಿಗಳು. ಕುಳಿತವರು ಸ್ವಲ್ಪ ಎದ್ದರೆ ಸಾಕು, ಸೀಟು ತನ್ನಿಂದ ತಾನೇ ಮಡಚಿಕೊಳ್ಳುತ್ತದೆ. ಗುಂಡಿ ಬಂದಾಗ ಎದ್ದು ಮತ್ತೆ ಕೂರುವವರು ನೇರ ನೆಲಕ್ಕೆ! ನಾನು ಎರಡು ಸಲ ಕುಳಿತಿದ್ದೇನೆ, ನೆಲದಲ್ಲಿ.

ಕಾರಿನ ಬಗ್ಗೆ ಮಾತನಾಡುವಾಗ ಭಾವ ಬಹುವಚನ ಬಿಡುವುದಿಲ್ಲ. "ಅವರಿಗೆ ಇವತ್ತು ಮೈ ಸರಿ ಇಲ್ಲ", "ಅವರು ಬಿಸಿಲಿಗೆ ನಿಲ್ಲುವುದಿಲ್ಲ" ಎಂದೆಲ್ಲ ಹೇಳುತ್ತಾರೆ. ನನ್ನ ಅಕ್ಕ ಮಾತ್ರ ಅವರ ಬಾಯಲ್ಲಿ ಈಗಲೂ "ಅವಳು".

ಈ ಕಾರು ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುವುದನ್ನು ಬಿಟ್ಟಿತು. ಆದ್ದರಿಂದಲೇ ಇಳಿಜಾರಿನ ವ್ರತ. ಇಳಿಜಾರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು, ಉರುಳುವಾಗ ಗೇರಿಗೆ ಹಾಕಿದರೆ ಎಂಜಿನ್ ಎಚ್ಚರಗೊಳ್ಳುತ್ತಿತ್ತು. ನಾನು ಬಿ.ಸಿ. ರೋಡಿನಲ್ಲಿ ಹಳೆಯ ಪಂಪ್‌ಸೆಟ್ಟುಗಳ ವ್ಯಾಪಾರ ಮಾಡುವವನು. ಕಬ್ಬಿಣ ನೋಡಿದರೆ ಅದರ ಜಾತಕ ಹೇಳಬಲ್ಲೆ ಎಂಬ ಧೈರ್ಯ ನನಗುಂಟು. "ಬ್ಯಾಟರಿ ಸತ್ತಿದೆ ಭಾವ, ಬದಲಿಸಿ" ಎಂದೆ. ಬದಲಿಸಿದರು. ವಾರದೊಳಗೆ ಹೊಸ ಬ್ಯಾಟರಿಯೂ ಮಲಗಿತು.

ಓದುಗರಿಗೆ ಇಲ್ಲೊಂದು ಸಲಹೆ. ಬ್ಯಾಟರಿ ಸತ್ತಾಗ ಬ್ಯಾಟರಿಯ ಅಂಗಡಿಯವನನ್ನು ಕೇಳಬೇಡಿ. ಅವನು ಬ್ಯಾಟರಿಯನ್ನೇ ಮಾರುತ್ತಾನೆ. ನನ್ನನ್ನೂ ಕೇಳಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಹದಿನಾಲ್ಕು ವೋಲ್ಟಿನ ಹತ್ತಿರ ತೋರಿಸಿದರೆ, ಎಂಜಿನ್ನಿನೊಂದಿಗೆ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಅದನ್ನು ತುಂಬಿಸುತ್ತಿದೆ ಎಂದರ್ಥ. ಹನ್ನೆರಡರ ಆಸುಪಾಸಿನಲ್ಲಿ ತೂಕಡಿಸುತ್ತಿದ್ದರೆ, ಮನೆಯಲ್ಲಿ ದುಡಿಯುವವರಿಲ್ಲ, ಉಳಿತಾಯ ತಿಂದು ಬದುಕುತ್ತಿದ್ದಾರೆ ಎಂದರ್ಥ.

ಭಾವನಿಗೆ ಮೀಟರಿನಲ್ಲಿ ನಂಬಿಕೆಯಿಲ್ಲ. ಅವರು ಓಡುವ ಎಂಜಿನ್ನಿನ ಪಕ್ಕ ಬಗ್ಗಿ, ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಆಲ್ಟರ್ನೇಟರಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚಿದರು. ನಂತರ ಅದರ ಬೆನ್ನಿಗೆ ಒಂದು ಸ್ಪ್ಯಾನರ್ ತಾಗಿಸಿ ನೋಡಿದರು.

"ಕೆಲಸ ಮಾಡುವ ಆಲ್ಟರ್ನೇಟರ್ ಅಯಸ್ಕಾಂತದ ಹಾಗೆ ಎಳೀತದೆ. ಇವರು ಎಳೆಯುವುದಿಲ್ಲ. ತಿರುಗ್ತಾರೆ, ಅಷ್ಟೆ."

ಅಡುಗೆಮನೆಯಿಂದ ಅಕ್ಕ ಕೂಗಿದಳು. "ತಿರುಗುವುದು ಮಾತ್ರ ಮಾಡುವವರು ಈ ಮನೆಯಲ್ಲಿ ಇನ್ನೂ ಒಬ್ಬರು ಇದ್ದಾರೆ."

ಬಿಚ್ಚಿ ನೋಡಿದರೆ ಒಳಗಿನ ಕಾರ್ಬನ್ ಬ್ರಶ್‌ಗಳು ಸವೆದು ಹಲ್ಲಿಲ್ಲದ ಒಸಡಿನಂತಾಗಿದ್ದವು, ಅವು ಉಜ್ಜುವ ತಾಮ್ರದ ಉಂಗುರಗಳೂ ಸವೆದು ತೋಡು ಬಿದ್ದಿದ್ದವು. ಬೇರೆಯದೇ ಹಾಕಬೇಕಿತ್ತು. ಅದೂ ಭಾನುವಾರದೊಳಗೆ.

ಭಾನುವಾರವೇ ಏಕೆ? ಅಕ್ಕನ ವಿಷಯ ಹೇಳಲೇಬೇಕು. ಅವಳು ಬಂಟ್ವಾಳ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಐವತ್ತು ದಾಟಿದ ಮೇಲೆ ತಾಳಮದ್ದಳೆಯ ಹುಚ್ಚು ಹಿಡಿಸಿಕೊಂಡಳು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡಿದ ಮೇಲೆ ಕುಳಿತಲ್ಲಿಂದಲೇ ಮಾತಿನಲ್ಲಿ ಕಥೆ ಕಟ್ಟಬೇಕು. ಮೂಡುಬಿದಿರೆಯ ಒಂದು ಮಹಿಳಾ ತಂಡದವರು ಅಲ್ಲಿ ಭಾನುವಾರ ನಡೆಯುವ ಕೂಟಕ್ಕೆ ಅವಳಿಗೆ ರಾಣಿಯ ಅರ್ಥ, ಅಂದರೆ ರಾಣಿಯ ಪಾತ್ರದ ಮಾತು, ಕೊಟ್ಟಿದ್ದರು. ಯುದ್ಧಕ್ಕೆ ಹೊರಟ ರಾಜನನ್ನು ತಡೆದು ಪ್ರಶ್ನೆ ಕೇಳುವ ರಾಣಿ.

ತೊಂದರೆ ಏನೆಂದರೆ ಅಕ್ಕನಿಗೆ ಪ್ರಯಾಣ ಆಗದು. ಬಸ್ಸು, ಆಟೋ, ನನ್ನ ಪಿಕಪ್, ಯಾವುದು ಹತ್ತಿದರೂ ಸಿದ್ದಕಟ್ಟೆ ಬರುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಹಿಂದಿನ ಸಲ ಬಸ್ಸಿನಲ್ಲಿ ಹೋಗಿ, ವೇದಿಕೆಯ ಹಿಂದೆ ಚಾಪೆಯಲ್ಲಿ ಮಲಗಿ, ಬಾಯಿ ಬಿಡದೆ ವಾಪಸು ಬಂದಿದ್ದಳು. ಅವಳಿಗೆ ವಾಕರಿಕೆ ತರಿಸದ ವಾಹನ ಪ್ರಪಂಚದಲ್ಲಿ ಒಂದೇ ಒಂದು: ಭಾವನ ಈ ತೆರೆದ ಕಾರು. ಈ ಸಲವೂ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ತಂಡದವರು ಮೆತ್ತಗೆ ಹೇಳಿದ್ದರು. ಇಳಿಜಾರಿನಲ್ಲಿ ಉರುಳಿಸಿಯೇ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಹೋಗಬಹುದು. ಆದರೆ ಕೂಟ ನಡೆಯುವ ಸಭಾಭವನದ ಅಂಗಳ ಕೇರಂ ಬೋರ್ಡಿನಷ್ಟು ಮಟ್ಟ. ಮುಗಿಯುವಾಗ ಕತ್ತಲೆ, ತುಂಬದ ಬ್ಯಾಟರಿಯಲ್ಲಿ ಹೆಡ್‌ಲೈಟು ಎಷ್ಟು ದೂರ ಬಂದೀತು?

ಬೆಳ್ತಂಗಡಿಯಲ್ಲಿ ಹಳೆಯ ಬಿಡಿಭಾಗಗಳ ಒಂದು ಅಂಗಡಿ ಉಂಟು. ಯಜಮಾನರು ಗಲ್ಫಿನಲ್ಲಿ ಗ್ಯಾರೇಜು ನಡೆಸಿ ಬಂದ ಬ್ಯಾರಿ ಮುಸ್ಲಿಮರು. ಎಲ್ಲರೂ ಕಾಕ ಎನ್ನುತ್ತಾರೆ. ಅಲ್ಲಿ ಚೌಕಾಸಿ ಮಾಡಿ ಗೆದ್ದವರಿಲ್ಲ ಎಂಬ ಪ್ರತೀತಿ. ಹಾಗಾಗಿಯೇ ನನಗೆ ಅಲ್ಲಿಗೆ ಹೋಗಲು ಇಷ್ಟ. ದಾರಿಯುದ್ದಕ್ಕೂ ಪಿಕಪ್ಪಿನಲ್ಲಿ ಭಾವನಿಗೆ ಪಾಠ ಹೇಳಿದೆ. ವಸ್ತು ಕಂಡಾಗ ಮುಖ ಅರಳಬಾರದು. ಮೊದಲು ಬೇಡದ್ದನ್ನು ವಿಚಾರಿಸಬೇಕು. ಬೇಕಾದ್ದನ್ನು ಹೊರಡುವಾಗ, "ಇದೆಂತದು, ಇದಕ್ಕೂ ದುಡ್ಡುಂಟಾ" ಎಂಬಂತೆ ಕಾಲಿನಿಂದ ತೋರಿಸಬೇಕು.

ಭಾವ ಅಂಗಡಿಯೊಳಗೆ ಕಾಲಿಟ್ಟು, ಮೂಲೆಯಲ್ಲಿದ್ದ ಆಲ್ಟರ್ನೇಟರನ್ನು ಎತ್ತಿ ಎದೆಗೆ ಅಪ್ಪಿಕೊಂಡರು. "ಇವರೇ ಮಾರಾಯ. ಇವರೇ."

ಕಾಕ ನನ್ನ ಕಡೆ ತಿರುಗಿ ನಕ್ಕರು. "ಹೆಣ್ಣು ಒಪ್ಪಿಗೆ ಆಯ್ತಲ್ಲ. ಇನ್ನು ನಿಮ್ಮ ಹತ್ತಿರ ಎಂತ ಮಾತಾಡುವುದು?"

ಆದರೂ ನಾನು ಬಿಡುವವನಲ್ಲ. ಹಳೆಯದನ್ನು ವಿನಿಮಯಕ್ಕೆ ಇಟ್ಟೆ. ಬೆಲ್ಟು ಉಚಿತ ಕೇಳಿದೆ. ಚಾ ಬಂತು, ಕುಡಿದೆ. ಚಾ ಕುಡಿದ ಮೇಲೂ ಬಗ್ಗಲಿಲ್ಲ. ಕಾಕ ಒಂದೇ ರೇಟಿನಲ್ಲಿ ಕಲ್ಲಿನಂತೆ ಕುಳಿತಾಗ ಕೊನೆಯ ಅಸ್ತ್ರ ಬಿಟ್ಟೆ.

"ಗ್ಯಾರಂಟಿ ಕೊಡ್ತೀರಲ್ಲ, ಅದು ಬೇಡ. ಅದರ ಲೆಕ್ಕ ಕಡಿಮೆ ಮಾಡಿ."

ಕಾಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾಳೆ ಇದೇ ಬಾಯಲ್ಲಿ ಫೋನ್ ಮಾಡ್ಲಿಕ್ಕಿಲ್ಲ."

"ನಾನಾ? ನಾನು ವ್ಯಾಪಾರಿ, ಕಾಕ."

ಹಿಂತಿರುಗುವಾಗ ಭಾವನಿಗೆ ವಿವರಿಸಿದೆ: ಗ್ಯಾರಂಟಿ ಎಂಬುದು ಹೆದರುವವರು ತೆರುವ ದಂಡ. ಅವರು ಕೇಳಲಿಲ್ಲ. ಆಲ್ಟರ್ನೇಟರನ್ನು ಮಡಿಲಲ್ಲಿಟ್ಟು ಅದರ ತಿರುಗುಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ಜೋಡಿಸಲು ಕುಳಿತೆವು. ಬ್ಯಾಟರಿಯ ತಂತಿ ಮೊದಲು ಕಳಚಿದೆವು. ಆಲ್ಟರ್ನೇಟರಿನ ಬೋಲ್ಟು ಹಾಕುವ ಕಿವಿ ಬ್ರಾಕೆಟ್ಟಿಗೆ ಕೂರಲಿಲ್ಲ, ನಡುವೆ ಬೆರಳಿನಷ್ಟು ಸಂದು. ಭಾವ ಒಂದು ನಲ್ಲಿ ಪೈಪಿನ ತುಂಡು ಕತ್ತರಿಸಿ, ಅರದಿಂದ ಉಜ್ಜಿ, ಆ ಸಂದಿಗೆ ಬಳೆ ತೊಡಿಸಿದಂತೆ ಹೊಂದಿಸಿದರು. ದಪ್ಪ ತಂತಿ ಅದರ ಜಾಗಕ್ಕೆ, ಸಪೂರದ್ದು ಅದರ ಜಾಗಕ್ಕೆ. ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ಬಿಗಿ ನೋಡಿದರು. ನನ್ನ ಅಂಗಡಿಯಿಂದ ತುಂಬಿದ ಬ್ಯಾಟರಿ ತಂದಿಟ್ಟೆ. ಎಂಜಿನ್ ಒಂದೇ ಏಟಿಗೆ ಹೊತ್ತಿತು.

ಭಾವ ಸ್ಪ್ಯಾನರ್ ತಾಗಿಸಿದರು. ಎಳೆಯಲಿಲ್ಲ. ನಾನು ಮೀಟರ್ ಹಿಡಿದೆ. ಅದೇ ಹನ್ನೆರಡು, ಅದೇ ತೂಕಡಿಕೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ತಮಾಷೆ ಮಾಡಲಿಲ್ಲ. "ಆಗದಿದ್ರೆ ಹೇಳಿಬಿಡಿ. ಅವರಿಗೆ ಈಗಲೇ ಫೋನ್ ಮಾಡ್ತೇನೆ, ಬೇರೆಯವರನ್ನು ನೋಡಿಕೊಳ್ಳಲಿ" ಎಂದು ಒಳಗೆ ಹೋದಳು. ಭಾವ ಸ್ಪ್ಯಾನರನ್ನು ಅಂಗಿಗೆ ಒರೆಸುತ್ತಲೇ ಇದ್ದರು, ಒರೆಸುತ್ತಲೇ ಇದ್ದರು.

ಬೇರೆ ದಾರಿಯಿರಲಿಲ್ಲ. ಅದೇ ಬಾಯಲ್ಲಿ ಫೋನ್ ಮಾಡಿದೆ.

ಕಾಕ ಮನಸಾರೆ ನಕ್ಕು ಮುಗಿಸುವವರೆಗೆ ಕಾದೆ. ಹಾಳು ಮಾಲು ಕೊಟ್ಟಿರಿ ಎಂದು ಜಗಳ ಶುರು ಮಾಡುವುದರೊಳಗೆ ಅವರೇ ಕೇಳಿದರು.

"ಚಾವಿ ಹಾಕಿದಾಗ ಡ್ಯಾಶಿನಲ್ಲಿ ಕೆಂಪು ಬಲ್ಬ್ ಹತ್ತುತ್ತದಾ?"

ಹೋಗಿ ನೋಡಿದೆ. ಬಲ್ಬು ಇರಬೇಕಾದ ತೂತಿನಲ್ಲಿ ಒಂದು ಕಪ್ಪು ಗುಂಡಿ ಇತ್ತು. ಕೋಟಿನ ಗುಂಡಿ. ಅಕ್ಕನ ಟೈಲರಿಂಗ್ ಡಬ್ಬಿಯದು, ಅಂದವಾಗಿ ಅಂಟಿಸಲ್ಪಟ್ಟಿತ್ತು.

"ಗುಂಡಿ ಉಂಟು ಕಾಕ."

"ಗುಂಡಿಯಲ್ಲಿ ಕರೆಂಟ್ ಹೋಗ್ತದಾ ಮಾರಾಯ್ರೆ?"

ವಿಷಯ ಇಷ್ಟು. ಆಲ್ಟರ್ನೇಟರ್ ತಾನಾಗಿ ಏಳುವುದಿಲ್ಲ, ಅದನ್ನು ಎಬ್ಬಿಸಲು ಬ್ಯಾಟರಿಯಿಂದ ಚಿಟಿಕೆಯಷ್ಟು ಕರೆಂಟು ಹೋಗಬೇಕು. ಅದು ಹೋಗುವುದು ಆ ಪುಟ್ಟ ಕೆಂಪು ಬಲ್ಬಿನ ಮೂಲಕವೇ. ಹಳೆಯ ಆಲ್ಟರ್ನೇಟರ್ ಸಾಯುವ ಮುಂಚೆ ಆ ಬಲ್ಬಿನಲ್ಲಿ ಮಿಣಮಿಣ ಎಂದು ಎಚ್ಚರಿಸಿತ್ತು. ಭಾವ ಬಲ್ಬನ್ನೇ ಕಿತ್ತು, ತೂತಿಗೆ ಗುಂಡಿ ಹಾಕಿದ್ದರು.

"ಇದೆಂತ ಕೆಲಸ ಭಾವ? ಕಾರಿಡೀ ಕಟ್ಟಿದವರು ನೀವು!"

"ಅದು ಸುದ್ದಿ ಹೇಳುವ ಬಲ್ಬ್ ಮಾತ್ರ ಅಂತ ನಾನು ತಿಳ್ಕೊಂಡದ್ದು."

"ತೆಗೆದದ್ದು ಯಾಕೆ?"

"ಕಣ್ಣಿಗೆ ಹೊಡೀತಿತ್ತು" ಎಂದು ಗುಂಡಿಯನ್ನು ಉಗುರಿನಿಂದ ಎಬ್ಬಿಸಲು ಹೋದರು. ಅಕ್ಕಿಕಾಳಿನಷ್ಟು ಬಲ್ಬು ಕಣ್ಣಿಗೆ ಹೊಡೆಯುವುದೇ? ಇವರ ಬುದ್ಧಿಗೆ ಇನ್ನೇನು ಹೇಳುವುದು! ಬಲ್ಬು ಹಾಕಿದೆವು. ಚಾವಿ ತಿರುಗಿಸಿದಾಗ ಹತ್ತಿತು, ಎಂಜಿನ್ ಎದ್ದಾಗ ಆರಿತು. ಸ್ಪ್ಯಾನರ್ ಭಾವನ ಕೈಯಿಂದ ಜಾರಿ ಆಲ್ಟರ್ನೇಟರಿನ ಬೆನ್ನಿಗೆ ಟಕ್ಕೆಂದು ಅಂಟಿಕೊಂಡಿತು.

ಭಾನುವಾರ ಮಧ್ಯಾಹ್ನ ಹೊರಟೆವು. ಭಾವ ಚಾಲಕರು, ಪಕ್ಕದಲ್ಲಿ ಜರಿಯಂಚಿನ ಸೀರೆಯುಟ್ಟ ಅಕ್ಕ, ಹಿಂದೆ ಟಾಕೀಸಿನ ಕುರ್ಚಿಯಲ್ಲಿ ಹೆಚ್ಚುವರಿ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡ ನಾನು. ಪೇಟೆ ದಾಟುತ್ತಲೇ ಅಕ್ಕ ಡ್ಯಾಶಿನ ಕಡೆ ಬೆರಳು ಮಾಡಿದಳು.

"ಆ ಬಲ್ಬನ್ನು ವಾಪಸ್ ಹಾಕಿದ್ರಾ? ಅಭ್ಯಾಸ ಮಾಡುವಾಗ ಅದು ಹತ್ತಿದ್ರೆ ನನಗೆ ಮಾತೆಲ್ಲ ಹಾರಿಹೋಗ್ತದೆ ಅಂತ ಹೇಳಿದ್ದೆನಲ್ಲ."

"ಇನ್ನು ಹತ್ತುವುದಿಲ್ಲ. ನೀನು ಹೇಳು."

ಅಕ್ಕ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಗಾಳಿಗೆ ಸೆರಗು ಹಾರುತ್ತಿತ್ತು, ಎದುರಿನಿಂದ ಬರುವ ಬೈಕಿನವರು ತಿರುಗಿ ನೋಡುತ್ತಿದ್ದರು, ಅವಳು ಯಾರನ್ನೂ ಗಮನಿಸದೆ ರಾಜನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳು ಹೀಗೆ ಅಭ್ಯಾಸ ಮಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

"ಪ್ರಭು, ನೀವು ಗೆದ್ದ ಕೋಟೆಗಳ ಹೆಸರು ನಿಮಗೆ ಬಾಯಿಪಾಠ. ಆದರೆ ಆ ಕೋಟೆಗಳೊಳಗೆ ಆರಿಹೋದ ಒಲೆಗಳು…"

ಅಲ್ಲಿಗೆ ಮಾತು ತಡೆಯಿತು. ಮುಂದಿನ ಸಾಲು ಹುಡುಕುತ್ತ ತುಟಿ ಆಡಿತು.

"ಎಷ್ಟೆಂದು ಎಣಿಸಿದವರು ಯಾರು?" ಎಂದರು ಭಾವ, ರಸ್ತೆಯಿಂದ ಕಣ್ಣು ತೆಗೆಯದೆ.

"ಹಾಂ. ಎಷ್ಟೆಂದು ಎಣಿಸಿದವರು ಯಾರು?" ಅಕ್ಕ ಎತ್ತಿಕೊಂಡು ಮುಂದುವರಿದಳು. ಕನ್ನಡಿಯಲ್ಲಿ ನೋಡಿದೆ. ಅವಳ ಒಂದೊಂದು ಮಾತಿಗೂ ಭಾವನ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು; ಒಂದು ಪದವೂ ತಪ್ಪುತ್ತಿರಲಿಲ್ಲ.

ಸಿದ್ದಕಟ್ಟೆಯ ಏರಿನಲ್ಲಿ ಎಂಜಿನ್ನಿನ ಸದ್ದು ಹೆಚ್ಚಾಗಿ ಅಕ್ಕನ ದನಿ ಮುಳುಗತೊಡಗಿತು. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಭಾವ ಕಾರನ್ನು ಬದಿಗೆ ತಂದು, ವೇಗ ಇಳಿಸಿ, ಬಸ್ಸಿಗೆ ಹೋಗಲು ಕೈ ತೋರಿಸಿದರು. ಅದು ಹೋಗಿ, ಅದರ ಹಿಂದಿನ ಲಾರಿಯೂ ಹೋಯಿತು.

"ಎಂತ ಆಯ್ತು?" ಎಂದಳು ಅಕ್ಕ ಗಾಬರಿಯಿಂದ.

"ಎಂತದೂ ಆಗ್ಲಿಲ್ಲ" ಎಂದರು ಭಾವ. "ಆ ಒಲೆಯ ಮಾತು ಇನ್ನೊಮ್ಮೆ ಹೇಳು. ಕೇಳಲಿಲ್ಲ."