ಐಸ್ ಹಾಕಿ ಆಡಿದ ಅಂತರಸಂತೆಯವನ ಪಜೀತಿಗಳು

ಪಜೀತಿ ಅನ್ನುವುದು ಬೇರೆಯವರಿಗೆ ವರ್ಷಕ್ಕೆ ಒಂದೆರಡು ಸಲ ಆಗುತ್ತದಂತೆ. ನನಗೆ ಮಾತ್ರ ರೇಷನ್ ಅಕ್ಕಿಯ ಹಾಗೆ ತಿಂಗಳು ತಿಂಗಳು ತಪ್ಪದೆ ಬರುತ್ತದೆ. ತಪ್ಪು ನನ್ನದೇ. ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯಲ್ಲಿ ಹುಟ್ಟಿದವನು ರಾಗಿ ಬೆಳೆಯಬೇಕು, ಇಲ್ಲಾ ಹೊಗೆಸೊಪ್ಪು ಬೆಳೆಯಬೇಕು, ಎರಡೂ ಆಗದಿದ್ದರೆ ಫಾರೆಸ್ಟ್ ವಾಚರ್ ಆಗಬೇಕು. ನಾನು ಹೋಗಿ ಐಸ್ ಹಾಕಿ ಆಟಗಾರನಾದೆ.

ಆದದ್ದು ಹೀಗೆ. ಹುಣಸೂರಿನಲ್ಲಿ ಹೈಸ್ಕೂಲು ಓದುವಾಗ ಮಣ್ಣಿನ ಮೈದಾನದ ಹಾಕಿಗೆ ಗೋಲು ಕಾಯುತ್ತಿದ್ದೆ. ಆಮೇಲೆ ಗಡಿ ಕಾಯುವ ಪಡೆಗೆ ಸೇರಿ ಲಡಾಖಿಗೆ ಹೋದೆ. ಅಲ್ಲಿನ ಐಸ್ ಹಾಕಿ ತಂಡದ ಗೋಲ್‌ಕೀಪರ್ ಕಾಲು ಮುರಿದುಕೊಂಡು ಮಲಗಿದ್ದ. ಗೋಲು ಕಾದು ಅಭ್ಯಾಸವಿರುವವರು ಯಾರಿದ್ದೀರಿ ಅಂತ ಕೋಚ್ ಕೇಳಿದರು, ಕೈ ಎತ್ತಿದವನು ನಾನೊಬ್ಬನೇ. ಐಸ್ ಮೇಲೆ ನಿಲ್ಲಲು ಬರುತ್ತದಾ ಅಂತ ಅವರು ಕೇಳಲಿಲ್ಲ, ಬರುವುದಿಲ್ಲ ಅಂತ ನಾನೂ ಹೇಳಲಿಲ್ಲ. ಹನ್ನೊಂದು ಚಳಿಗಾಲ ಅದೇ ನನ್ನ ಕೆಲಸವಾಯಿತು, ಸಂಬಳವೂ ಅದಕ್ಕೇ ಬಂತು.

ಗೋಲು ಕಾಯುವವನಷ್ಟು ಒಂಟಿ ಮನುಷ್ಯ ಇನ್ನೊಬ್ಬನಿಲ್ಲ. ಉಳಿದ ಐದು ಜನ ಒಟ್ಟಿಗೆ ಓಡುತ್ತಾರೆ, ಒಟ್ಟಿಗೆ ಬೀಳುತ್ತಾರೆ, ಒಟ್ಟಿಗೆ ಬೈಸಿಕೊಳ್ಳುತ್ತಾರೆ. ನಾನು ಬಲೆಯ ಮುಂದೆ ಒಬ್ಬನೇ. ಕನ್ನಡ ಬರುವವನೂ ನಾನೊಬ್ಬನೇ. ಹನ್ನೊಂದು ವರ್ಷದಲ್ಲಿ ನಮ್ಮೂರಿನ ಒಂದು ನರಪಿಳ್ಳೆಯೂ ಅಲ್ಲಿಗೆ ಬಂದು ನನ್ನ ಆಟ ನೋಡಿರಲಿಲ್ಲ. ಊರು ನೋಡದಿದ್ದರೆ ಹಾಳಾಗಲಿ, ಅಪ್ಪ ಒಂದೇ ಒಂದು ಸಲ ನೋಡಬೇಕು ಅಂತ ನನಗೆ ಬಹಳ ಆಸೆ ಇತ್ತು. ಪ್ರತಿ ಚಳಿಗಾಲ ಕರೆದರೂ, ಹೊಗೆಸೊಪ್ಪು ಮಾರುವ ಕಾಲ ಅಂತ ಅಪ್ಪ ಬರುತ್ತಿರಲಿಲ್ಲ. ಆ ಆಸೆಯ ಸುತ್ತಲೇ ನನ್ನ ದೊಡ್ಡ ಪಜೀತಿಗಳು ನಡೆದದ್ದು.

ಸಂತೆಯಲ್ಲಿ ತೋರಿಸಿದ ವಿಡಿಯೊ

ಅಪ್ಪ ಲಡಾಖಿಗೆ ಬರದಿದ್ದರೆ ಆಟವನ್ನೇ ಅಪ್ಪನ ಹತ್ತಿರ ಒಯ್ಯೋಣ ಅಂತ ಒಂದು ವರ್ಷ ನಮ್ಮ ಪಂದ್ಯವನ್ನು ಮೊಬೈಲಿನಲ್ಲಿ ಹಿಡಿಸಿಕೊಂಡು ರಜಕ್ಕೆ ಬಂದೆ. ಸಂತೆ ದಿನ ಟೀ ಅಂಗಡಿಯ ಬೆಂಚಿನ ಮೇಲೆ ಅಪ್ಪನನ್ನು ಕೂರಿಸಿ ವಿಡಿಯೊ ತೋರಿಸಿದೆ. ಸುತ್ತ ಹತ್ತು ತಲೆ ಸೇರಿದವು.

ಐಸ್ ಹಾಕಿಯಲ್ಲಿ ಚೆಂಡಿರುವುದಿಲ್ಲ. ಅಂಗೈಯಗಲದ ಕಪ್ಪು ರಬ್ಬರ್ ಬಿಲ್ಲೆ ಇರುತ್ತದೆ. ಎದುರಿಗೆ ನಿಂತ ನನಗೇ ಅದು ಎಷ್ಟೋ ಸಲ ಕಾಣುವುದಿಲ್ಲ. ಇನ್ನು ಬೀಡಿಕಟ್ಟಿನಷ್ಟು ಮೊಬೈಲಿನಲ್ಲಿ ಯಾರಿಗೆ ಕಂಡೀತು? ಕಂಡದ್ದಿಷ್ಟೇ: ಹೆಲ್ಮೆಟ್ ಹಾಕಿಕೊಂಡ ಗಂಡಸರು ಕೋಲು ಹಿಡಿದು ಓಡೋಡಿ ಬಂದು ಒಬ್ಬರನ್ನೊಬ್ಬರು ಗೋಡೆಗೆ ಒತ್ತುತ್ತಿದ್ದಾರೆ.

ಪಕ್ಕದೂರಿನ ಅಜ್ಜ ಒಬ್ಬರು ಬಹಳ ಹೊತ್ತು ನೋಡಿ, ಚೆಂಡೇ ಇಲ್ಲದೆ ಇಷ್ಟು ಬಡಿದಾಡುತ್ತಾರೆ ಅಂದರೆ ಬದುವಿನ ತಕರಾರೇ ಇರಬೇಕು, ಸರ್ವೆ ಮಾಡಿಸಿದ್ದರೆ ಮುಗಿದು ಹೋಗುತ್ತಿತ್ತು ಅಂದರು. ಅಷ್ಟರಲ್ಲಿ ಪಟ್ಟೆ ಅಂಗಿಯ ರೆಫರಿ ಮಧ್ಯಕ್ಕೆ ಬಂದು ಬಗ್ಗಿ ಗೆರೆಯ ಮೇಲೆ ಬಿಲ್ಲೆ ಹಾಕಿದ. ಬೆಂಚಿನ ಮೇಲಿದ್ದವರೆಲ್ಲ ಸಮಾಧಾನದ ಉಸಿರು ಬಿಟ್ಟರು.

ಅಜ್ಜ ಹೇಳಿದರು: "ಸದ್ಯ, ಸರ್ವೇರು ಬಂದ ಕಣ್ಲಾ."

ಭಾಯಿ ಹಿಡಿದ ಸಾಣೆ

ಸ್ಕೇಟಿನ ಅಲಗಿಗೆ ಆಗಾಗ ಸಾಣೆ ಹಿಡಿಸಬೇಕು. ಒಂದು ವರ್ಷ ನಮ್ಮ ತಂಡದ ಯಂತ್ರ ಕೆಟ್ಟಿತ್ತು, ರಜಕ್ಕೆ ಬರುವಾಗ ಸ್ಕೇಟು ಜೊತೆಗೇ ತಂದೆ. ಹುಣಸೂರಿನಲ್ಲಿ ಮಚ್ಚು, ಕುಡುಗೋಲು ಸಾಣೆ ಹಿಡಿಯುವ ಭಾಯಿ ಒಬ್ಬರಿದ್ದಾರೆ, ಮೂರು ತಾಲ್ಲೂಕಿನಲ್ಲಿ ಅವರ ಕೈಗೆ ಸಮ ಇಲ್ಲ. ಅವರ ಹತ್ತಿರ ಸ್ಕೇಟು ಕೊಟ್ಟು ಪಿರಿಯಾಪಟ್ಟಣಕ್ಕೆ ಯಾರದೋ ನಾಮಕರಣಕ್ಕೆ ಹೋದೆ. ಅದೇ ನಾನು ಮಾಡಿದ ತಪ್ಪು.

ಸ್ಕೇಟಿನ ಅಲಗಿನ ಉದ್ದಕ್ಕೂ ನಡುವೆ ಒಂದು ಸಣ್ಣ ಕಾಲುವೆ ಇರುತ್ತದೆ. ಎರಡು ಅಂಚು ಉಳಿಯಬೇಕು ಅಂತಲೇ ಅದನ್ನು ಕೊರೆದಿರುತ್ತಾರೆ. ಭಾಯಿಗೆ ಅದು ಸವೆದು ಗುಣಿ ಬಿದ್ದ ಹಾಗೆ ಕಂಡಿದೆ. ಕೆಲಸದಲ್ಲಿ ಮೋಸ ಮಾಡುವವರಲ್ಲ. ಒಂದಿಡೀ ದಿನ ಕೂತು ಆ ಕಾಲುವೆಯನ್ನು ಉಜ್ಜಿ ತೆಗೆದು ಕುಡುಗೋಲಿನ ಬಾಯಿ ಕೊಟ್ಟಿದ್ದಾರೆ. ನಾನು ಹೋದಾಗ ಕೆ.ಆರ್. ನಗರದ ಕಬ್ಬಿನ ಜಲ್ಲೆಯೊಂದನ್ನು ನನ್ನ ಸ್ಕೇಟಿನಲ್ಲೇ ಒಂದೇ ಏಟಿಗೆ ತುಂಡು ಮಾಡಿ ತೋರಿಸಿದರು. ಅವರ ಮುಖದ ಸಂತೋಷ ನೋಡಿ ಕೇಳಿದ ಕೂಲಿ ಕೊಟ್ಟೆ. ನನ್ನ ಆಟದ ಸಾಮಾನನ್ನು ಆ ಸೀಮೆಯಲ್ಲಿ ಅಷ್ಟು ಮುದ್ದಾಗಿ ಹಿಡಿದವರು ಅವರೊಬ್ಬರೇ. ಜಲ್ಲೆಯನ್ನೂ ಕೊಟ್ಟರು, ತಿಂದುಕೊಂಡು ಬಂದೆ.

ಲೇಹ್‌ನಲ್ಲಿ ಬದಲಿ ಸ್ಕೇಟಿಲ್ಲ, ಮೊದಲನೇ ದಿನವೇ ಪಂದ್ಯ. ಗೋಲಿನ ಮುಂದೆ ಹೋಗಿ ನಿಂತವನು ಕಾಲು ಒತ್ತಿದೆ ನೋಡಿ, ಅಲಗು ಐಸಿಗೆ ಇಳಿದು ನಾಟಿಕೊಂಡಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಬಿಲ್ಲೆಗಳು ಬಂದು ಬಂದು ನನಗೇ ಬಡಿದು ವಾಪಸು ಹೋದವು.

ಸಂಜೆ ಕೋಚ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಈ ತಂಡದಲ್ಲಿ ತನ್ನ ಜಾಗ ಬಿಟ್ಟು ಕದಲದ ಒಬ್ಬನಾದರೂ ಇದ್ದಾನಲ್ಲ ಅಂತ ನನ್ನ ಬೆನ್ನು ತಟ್ಟಿದರು.

ಹದವಾಗಿ ಬೆಂದ ಪ್ಯಾಡು

ಗೋಲ್‌ಕೀಪರ್ ಕಾಲಿಗೆ ಕಟ್ಟುವ ಪ್ಯಾಡು ಹಾಸಿಗೆಯಷ್ಟು ದಪ್ಪ. ಒಂದು ಆಗಸ್ಟಿನಲ್ಲಿ ಹೊಲಿಗೆ ಹಾಕಿಸಲು ಅದನ್ನು ಊರಿಗೆ ತಂದಿದ್ದೆ. ಬಸ್ಸಿನ ಟಾಪಿನ ಮೇಲೆ ಮಳೆಗೆ ನೆನೆದು ಎಮ್ಮೆ ಕರುವಿನ ತೂಕ ಬಂತು. ನಾನು ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಮಗನ ಕಷ್ಟ ನೋಡಲಾರದೆ ಪ್ಯಾಡು, ಗ್ಲೌಸು ಎಲ್ಲವನ್ನೂ ಕಡ್ಡಿಗೆ ಕಟ್ಟಿ, ಹೊಗೆಸೊಪ್ಪಿನ ಜೊತೆ ಅದನ್ನು ಬೇಯಿಸುವ ಬ್ಯಾರನ್ನಿಗೆ ಏರಿಸಿಬಿಟ್ಟಿದ್ದ. ಬ್ಯಾರನ್ನಿನ ಬಾಗಿಲು ಒಂದು ಸಲ ಹಾಕಿದರೆ ಹದ ಆಗುವ ತನಕ ತೆಗೆಯುವ ಹಾಗಿಲ್ಲ. ಐದು ದಿನ ನನ್ನ ಪ್ಯಾಡು ಸೌದೆ ಉರಿಯಲ್ಲಿ ಬೆಂದಿತು.

ಲೇಹ್‌ನಲ್ಲಿ ಚೀಲ ಬಿಚ್ಚಿದ ಕೂಡಲೇ ಡ್ರೆಸ್ಸಿಂಗ್ ರೂಮೆಲ್ಲ ಹೊಗೆಸೊಪ್ಪಿನ ವಾಸನೆ. ತಂಡದಲ್ಲಿ ಬೀಡಿ ಸಿಗರೇಟು ಕಟ್ಟುನಿಟ್ಟಾಗಿ ನಿಷೇಧ. ಕೋಚ್ ಎಲ್ಲರ ಜೇಬು ತಡಕಿದರು, ಹಾಸಿಗೆ ಮಗುಚಿದರು, ಸಿಟ್ಟಿಗೆ ಇಡೀ ತಂಡವನ್ನು ಮೈದಾನಕ್ಕೆ ಇಪ್ಪತ್ತು ಸುತ್ತು ಓಡಿಸಿದರು. ಸತ್ಯ ಹೇಳುವ ಧೈರ್ಯ ನನಗೆ ಹತ್ತೊಂಬತ್ತನೇ ಸುತ್ತಿನಲ್ಲಿ ಬಂತು.

ಆ ವರ್ಷ ಪೂರ್ತಿ ಗೋಲಿನಲ್ಲಿ ಒಬ್ಬನೇ ನಿಂತಾಗ ನಮ್ಮ ಹೊಲದ ವಾಸನೆ ಮೂಗಿಗೆ ಬರುತ್ತಿತ್ತು. ಒಂದೆರಡು ಸಲ ಮುಖವಾಡದೊಳಗೆ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅಪ್ಪನಿಗೆ ಫೋನು ಮಾಡಿ ಆದದ್ದನ್ನೆಲ್ಲ ವರದಿ ಒಪ್ಪಿಸಿದೆ. ಅಪ್ಪ ಎಲ್ಲ ಕೇಳಿ, ಪ್ಯಾಡಿನ ಬಣ್ಣ ಏನಾಗಿದೆ ಅಂತ ವಿಚಾರಿಸಿದ. ಬಂಗಾರದ ಹಳದಿ ಅಂದೆ.

"ಅಂಗಾರೆ ಒಳ್ಳೆ ಗ್ರೇಡೇ ಬಂದದೆ ಬುಡು" ಅಂದ.

ಬಾಯಿ ಬಿಡದ ವರ

ನನ್ನ ಮುಂದಿನ ಎರಡು ಹಲ್ಲು ಮೊದಲನೇ ಚಳಿಗಾಲದಲ್ಲೇ ಹೋದವು. ಪಂದ್ಯದಲ್ಲಿ ಹೋಗಿದ್ದರೆ ಮರ್ಯಾದೆ ಇರುತ್ತಿತ್ತು. ಮುಖವಾಡ ಎತ್ತಿ ನೀರು ಕುಡಿಯುತ್ತಿದ್ದಾಗ ನಮ್ಮವನೇ ಹೊಡೆದ ಬಿಲ್ಲೆ ಬಂದು ಬಡಿದದ್ದು. ಕಟ್ಟಿಸಿಕೊಂಡ ಹಲ್ಲನ್ನು ಮಲಗುವಾಗ ಲೋಟದ ನೀರಿನಲ್ಲಿ ಇಡುತ್ತಿದ್ದೆ. ಒಂದು ಫೆಬ್ರವರಿಯಲ್ಲಿ ಹೆಣ್ಣು ನೋಡಲು ರಜ ಸಿಕ್ಕಿತು. ಹೊರಡುವ ಬೆಳಗ್ಗೆ ನೋಡಿದರೆ ಲೋಟದ ನೀರು ಗಡ್ಡೆ, ಒಳಗೆ ನನ್ನ ಹಲ್ಲು. ಕರಗುವ ತನಕ ವಿಮಾನ ಕಾಯುತ್ತದಾ? ಬರಿ ಬಾಯಲ್ಲಿ ಬಂದೆ.

ಹೆಣ್ಣಿನ ಮನೆ ಬೆಟ್ಟದಪುರ. ಏನಾದರೂ ಆಗಲಿ, ತುಟಿ ಬಿಚ್ಚಬೇಡ ಅಂತ ಅವ್ವ ಆಣೆ ಹಾಕಿಸಿದ್ದಳು. ಉಪ್ಪಿಟ್ಟು ತಿನ್ನಲಿಲ್ಲ, ನಗಲಿಲ್ಲ, ಕೇಳಿದ್ದಕ್ಕೆಲ್ಲ ತಲೆ ಆಡಿಸಿದೆ. ಕೊನೆಗೆ ಹುಡುಗಿಯ ತಾತ, ಹುಡುಗನಿಗೆ ಮಾತು ಬರುತ್ತದಾ ಇಲ್ಲವಾ ಅಂತ ನೇರವಾಗಿಯೇ ಕೇಳಿದರು. ಬರುತ್ತದೆ ಅನ್ನಲು ಬಾಯಿ ತೆರೆದೆ, ಹಲ್ಲಿಲ್ಲದ ಕಿಂಡಿ ಎಲ್ಲರಿಗೂ ಕಂಡಿತು. ಕುಡಿದು ಬಿದ್ದದ್ದಲ್ಲ, ಕೆಲಸದಲ್ಲಿ ಹೋದದ್ದು ಅಂತ ಅವ್ವ ಅವಸರದಲ್ಲಿ ವಿವರಿಸಿದಳು. ಎಂಥ ಕೆಲಸ ಅಂದರು. ರಬ್ಬರ್ ಬಿಲ್ಲೆ ಹೊಡೆಯುತ್ತಾರೆ, ಅದಕ್ಕೆ ಮೈ ಒಡ್ಡಿ ನಿಲ್ಲುವ ಕೆಲಸ ಅಂದೆ. ಹಲ್ಲು ಹೋದ ಮೇಲೂ ನಿಲ್ಲುತ್ತೀಯಾ ಅಂದರು. ನಿಲ್ಲುತ್ತೇನೆ ಅಂದೆ.

ತಾತ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದರು. "ಹಲ್ಲಿನ್ ವಿಷ್ಯ ನಾವು ಮನ್ಸಿಗಾಕ್ಕಳಲ್ಲ ಕಣವ್ವ. ಬುದ್ದಿ ವಿಷ್ಯನೇ ನಮ್ಗೆ ಯೋಚ್ನೆ."

ಬೈಲಕುಪ್ಪೆಯ ಮೋಮೊ ಅಂಗಡಿ

ಇದು ಸಣ್ಣದು. ರಜದಲ್ಲಿ ಐಸಿನ ಬಗ್ಗೆ ಮಾತಾಡಲು ಒಬ್ಬ ಮನುಷ್ಯ ಸಿಗದೆ ಹುಚ್ಚು ಹಿಡಿದಂತಾಗಿ ಒಂದು ದಿನ ಬಸ್ಸು ಹತ್ತಿ ಬೈಲಕುಪ್ಪೆಗೆ ಹೋದೆ. ಅಲ್ಲಿ ನೆಲೆಸಿರುವ ಟಿಬೆಟಿನವರಿಗೆ ಹಿಮದ ಕಷ್ಟಸುಖ ಗೊತ್ತಿರುತ್ತದೆ ಅಂತ ನನ್ನ ಲೆಕ್ಕ. ಮೋಮೊ ಅಂಗಡಿಯ ಯಜಮಾನರು ವಯಸ್ಸಾದವರು. ಹತ್ತಿರ ಕೂತು ಐಸಿನ ಮಾತು ತೆಗೆದೆ. ಅವರು ಹುಟ್ಟಿದ್ದೂ ಬೆಳೆದದ್ದೂ ಬೈಲಕುಪ್ಪೆಯಲ್ಲೇ ಅಂತೆ. ಐಸನ್ನು ಕಬ್ಬಿನ ಹಾಲಿಗೆ ಹಾಕುವಾಗ ಮಾತ್ರ ನೋಡಿದ್ದಾರಂತೆ. ಅವರಿಗೆ ಬೇಕಾದದ್ದು ಮುಸುಕಿನ ಜೋಳಕ್ಕೆ ಬಿದ್ದ ಹುಳುವಿನ ಮಾತು.

ಆದರೂ ಮರ್ಯಾದಸ್ಥರು. ಅಲ್ಲಿ ಚಳಿ ಹೇಗಿರುತ್ತದೆ ಅಂತ ಕೇಳಿದರು. ವರ್ಷಗಟ್ಟಲೆ ಯಾರೂ ಕೇಳದಿದ್ದ ಪ್ರಶ್ನೆ. ಒಂದು ಗಂಟೆ ಹೇಳಿದೆ. ಉಗುಳು ನೆಲಕ್ಕೆ ಬೀಳುವ ಮೊದಲೇ ಗಡ್ಡೆಯಾಗುವುದರ ತನಕ ಬಂದಾಗ ಯಜಮಾನರು ಮೆಲ್ಲಗೆ ಎದ್ದು ಹೋಗಿ ಫ್ಯಾನು ಆಫ್ ಮಾಡಿ ಬಂದರು.

ಬಲೆಯ ಹಿಂದೆ ಕೂತವರು

ಹೋದ ವರ್ಷ ಡಾಕ್ಟರು ನನ್ನ ಮಂಡಿ ನೋಡಿ, ಈ ಚಳಿಗಾಲ ಆಡು, ಆಮೇಲೆ ಸ್ಕೇಟು ಮುಟ್ಟಬೇಡ ಅಂದರು. ಅಪ್ಪನಿಗೆ ಫೋನು ಮಾಡಿ, ಇದೇ ಕೊನೆ, ಇನ್ನು ನೋಡುತ್ತೇನೆ ಅಂದರೂ ಇರುವುದಿಲ್ಲ ಅಂದೆ. ಅಪ್ಪ "ಬತ್ತೀನಿ ಬುಡು" ಅಂದ.

ನಿಜವಾಗಿಯೂ ಬಂದ. ಮಂಕಿ ಕ್ಯಾಪು, ಹೆಗಲ ಮೇಲೆ ಕಂಬಳಿ. ಎರಡು ದಿನ ಮಲಗಿಸಿ ಅಲ್ಲಿನ ಗಾಳಿಗೆ ಒಗ್ಗಿಸಿ, ಮೂರನೇ ದಿನ ಕೊನೆಯ ಪಂದ್ಯಕ್ಕೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಒಂದಾದರೂ ಒಳ್ಳೆ ಹೊಡೆತ ತಡೆದು ಅಪ್ಪನಿಗೆ ತೋರಿಸಬೇಕು ಅಂತ ಪ್ರಾಣ ಬಿಡುತ್ತಿದ್ದೆ.

ನನ್ನ ಅದೃಷ್ಟ ನೋಡಿ, ಅವತ್ತು ನಮ್ಮ ತಂಡ ಎಂದೂ ಇಲ್ಲದ ಹಾಗೆ ಆಡಿತು. ಬಿಲ್ಲೆ ನನ್ನ ಕಡೆಗೆ ಬರಲೇ ಇಲ್ಲ. ಅರ್ಧ ಗಂಟೆ ಎಲ್ಲರೂ ಆ ತುದಿಯಲ್ಲಿ, ಈ ತುದಿಯಲ್ಲಿ ನಾನೊಬ್ಬನೇ ಕೋಲು ಹಿಡಿದು ಬಗ್ಗಿ ನಿಂತಿದ್ದೇನೆ. ಇದ್ದಕ್ಕಿದ್ದ ಹಾಗೆ ಸೀಟಿ ಕೇಳಿತು. ಜನ ನನ್ನ ಕಡೆ ಕೈ ತೋರಿಸಿ ನಗುತ್ತಿದ್ದಾರೆ. ತಿರುಗಿ ನೋಡಿದರೆ, ಅಪ್ಪ ಮೈದಾನದ ಸುತ್ತಿನ ಹಲಗೆಯ ಬಾಗಿಲು ತೆಗೆದುಕೊಂಡು ಐಸಿನ ಮೇಲೆ ಗದ್ದೆ ಬದುವಿನಲ್ಲಿ ನಡೆದ ಹಾಗೆ ನಡೆದು ಬಂದು, ನನ್ನ ಬಲೆಯ ಹಿಂದೆ ಕಂಬಳಿ ಹಾಸಿ, ಚಕ್ಕಂಬಕ್ಕಳ ಹಾಕಿ ಕೂತಿದ್ದಾನೆ.

ರೆಫರಿ ಓಡಿ ಬಂದ. ಅಪ್ಪನಿಗೆ ಹಿಂದಿ ಬರದು, ರೆಫರಿಗೆ ಕನ್ನಡ ಬರದು. ಏನಪ್ಪ ಇದು ಅಂತ ನಾನು ಮುಖವಾಡ ಎತ್ತಿ ಕೇಳಿದೆ.

"ಎಲ್ರೂ ನಿನ್ ಬುಟ್ಟು ಓಗವ್ರಲ್ಲ" ಅಂದ ಅಪ್ಪ. "ಕಾವ್ಲಿಗೆ ಒಬ್ನೇ ನಿಂತ್ಕಬಾರ್ದು ಕಣ್ಲಾ."

ಕಾಡಂಚಿನ ನಮ್ಮ ಕಡೆ ರಾಗಿ ತೆನೆ ಕಟ್ಟಿದ ಮೇಲೆ ಆನೆ ಬರದ ಹಾಗೆ ಹೊಲ ಕಾಯುತ್ತಾರೆ. ಆ ಕಾವಲಿಗೆ ಯಾವತ್ತೂ ಇಬ್ಬರು. ಜೊತೆಯವನಿಗೆ ಜ್ವರ ಬಂದರೆ ಮಾತು ಬಿಟ್ಟ ದಾಯಾದಿಯಾದರೂ ಬಂದು ಪಕ್ಕದಲ್ಲಿ ಕೂರುತ್ತಾನೆ, ಮಾತಾಡದೆಯೇ ಕೂರುತ್ತಾನೆ. ಒಬ್ಬನನ್ನೇ ಬಿಟ್ಟರೆ ಊರಿಗೆ ಅವಮಾನ. ಇದನ್ನೆಲ್ಲ ನಾನು ನನ್ನ ಹರಕು ಹಿಂದಿಯಲ್ಲಿ ರೆಫರಿಗೆ ವಿವರಿಸಿದೆ. ಆತ ಪೂರ್ತಿ ಕೇಳಿದ. ಕೇಳಿ, ಒಂದು ತಂಡಕ್ಕೆ ಆರೇ ಜನ, ನಿಮ್ಮ ಕಡೆ ಏಳಾದರು ಅಂತ ನಮ್ಮ ತಂಡಕ್ಕೆ ಎರಡು ನಿಮಿಷದ ಶಿಕ್ಷೆ ಹಾಕಿದ. ಅಪ್ಪನನ್ನು ಎಬ್ಬಿಸಿ ಹಲಗೆಯ ಆಚೆ, ಆದರೆ ನನ್ನ ಬಲೆಯ ಹಿಂದೆಯೇ, ನಿಲ್ಲಿಸಿದರು. ನಮ್ಮವನೊಬ್ಬ ಹೊರಗೆ ಹೋದ. ಆ ಎರಡು ನಿಮಿಷದಲ್ಲಿ ಎದುರಾಳಿಗಳು ಮುಗಿಬಿದ್ದರು. ಐದು ಹೊಡೆತ ತಡೆದೆ, ಆರನೆಯದು ಒಳಗೆ ಹೋಯಿತು. ಪಂದ್ಯ ಅದೊಂದೇ ಗೋಲಿನಲ್ಲಿ ಸೋತೆವು.

ಮುಗಿದ ಮೇಲೆ ಅಪ್ಪನ ಹತ್ತಿರ ಹೋಗಿ ನಿಂತೆ. ಅಪ್ಪನೇ ಕೇಳಿದ, ಎಷ್ಟು ವರ್ಷದಿಂದ ಹೀಗೆ ನಿಂತಿದ್ದೀಯ ಅಂತ. ಹನ್ನೊಂದು ಅಂದೆ. ಅಪ್ಪ ಕಂಬಳಿಗೆ ಅಂಟಿದ್ದ ಐಸನ್ನು ಕೊಡವಿ, ಕಂಬಳಿಯನ್ನು ನನ್ನ ಹೆಗಲ ಮೇಲೆ ಹಾಕಿದ. ಪ್ರತಿ ವರ್ಷ ಕರೆದೆನಲ್ಲಪ್ಪ, ನೀನೇ ಬರಲಿಲ್ಲ ಅಂದೆ.

ಅಪ್ಪನಿಗೆ ಸಿಟ್ಟು ಬಂತು.

"ಆಟ ನೋಡಕ್ ಬಾ ಅಂತ ಕರ್ದೆ. ಒಬ್ನೇ ಇವ್ನಿ ಅಂತ ಯಾವತ್ಲಾ ಯೋಳ್ದೆ? ಯೋಳಿದ್ರೆ ಹೊಗೆಸೊಪ್ಪು ಮಾರಕ್ಕೆ ನಿಮ್ಮವ್ವನ್ ಕಳ್ಸಿ, ಹನ್ನೊಂದ್ ವರ್ಷಾನೂ ನಾನ್ ಬಂದು ಕೂತ್ಕತಿರ್ಲಿಲ್ವಾ?"