ಮೌನವಾದವರ ಪಟ್ಟಿಯಲ್ಲಿ ನಾನು

ಆ ಶನಿವಾರ ಬೆಳಗ್ಗೆ ಏಳಕ್ಕೆ, ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂಬ ಸಮಾಚಾರವನ್ನು ಬಸವರಾಜ ಕೆಂಗೇರಿಯ ತನ್ನ ಮನೆಯಿಂದ ರಾಜಾಜಿನಗರದ ನನ್ನ ಮನೆಗೆ ರೇಡಿಯೋದಲ್ಲಿ ತಿಳಿಸಿದ. ನಾವಿಬ್ಬರೂ ಹವ್ಯಾಸಿ ರೇಡಿಯೋದವರು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಮಿಲಿಟರಿಯವರು ಬೇಡವೆಂದು ಮಾರಿದ ವಾಲ್ವುಗಳಿಂದ ಸೆಟ್ಟು ಕಟ್ಟಿ, ತಾರಸಿಯ ಮೇಲೆ ಬಿದಿರು ನೆಟ್ಟು ತಂತಿ ಎಳೆದು, ಇಷ್ಟೆಲ್ಲ ಆದ ಮೇಲೆ ಉಪ್ಪಿಟ್ಟಿನ ವಿಷಯ ಮಾತಾಡುತ್ತಿದ್ದೆವು. "ಕೆಂಗೇರಿಗೆ ಬಸ್ಸಿಲ್ವೇನ್ರೀ?" ಎಂದು ನನ್ನ ಹೆಂಡತಿ ಹನ್ನೊಂದು ವರ್ಷದಿಂದ ಕೇಳುತ್ತಿದ್ದಳು. ಆ ದಿನವೂ ಕೇಳಿದಳು. "ನಾಳೆ ಸಿಗ್ತೀನಿ ಕಣೋ ನಂಜುಂಡ" ಎಂದು ಬಸವರಾಜ ಸೆಟ್ಟು ಆರಿಸಿದ. ಭಾನುವಾರ ಬೆಳಗಾಗುವುದರೊಳಗೆ ಹೃದಯಾಘಾತದಿಂದ ತೀರಿಕೊಂಡಿದ್ದ.

ಇಲ್ಲಿ ನಮ್ಮ ಅಖಿಲ ಭಾರತ ಸಂಘದ ಬಗ್ಗೆ ಸ್ವಲ್ಪ ಹೇಳಬೇಕು. ಲೋಕದ ಯಾವ ಮೂಲೆಗಾದರೂ ಕ್ಷಣಾರ್ಧದಲ್ಲಿ ಮಾತು ಮುಟ್ಟಿಸುವವರ ಸಂಘ ಅದು. ಒಂದು ಕಾಗದಕ್ಕೆ ಉತ್ತರ ಬರೆಯಲು ಮಾತ್ರ ಎರಡು ವರ್ಷ ಬೇಕು. ಮಾತಾಡಿದ ನೆನಪಿಗೆ ಪರದೇಶದ ಗೆಳೆಯರು ಕಳಿಸುವ ಕಾರ್ಡುಗಳು ಸಂಘದ ಮೂಲಕವೇ ಬರಬೇಕು. ಅವು ನಮ್ಮ ಕೈ ಸೇರುವ ಹೊತ್ತಿಗೆ ಕೆಲವು ದೇಶಗಳ ಹೆಸರೇ ಬದಲಾಗಿರುತ್ತದೆ. ಸಂಘದ ಪತ್ರಿಕೆಯ ಮೊದಲ ಪುಟದಲ್ಲಿ ಅಧ್ಯಕ್ಷರ ಭಾಷಣ, ಕೊನೆಯ ಪುಟದಲ್ಲಿ ತೀರಿಕೊಂಡ ಸದಸ್ಯರ ಹೆಸರು, 'ಮೌನವಾದವರು' ಎಂಬ ತಲೆಬರಹದಡಿ. "ಅಧ್ಯಕ್ಷರನ್ನ ಮೌನವಾಗ್ಸೋಕೆ ಮಾತ್ರ ಇನ್ನೂ ಯಾರಿಂದ್ಲೂ ಆಗಿಲ್ಲ ನೋಡು" ಎನ್ನುತ್ತಿದ್ದ ಬಸವರಾಜ. ಆ ಪಟ್ಟಿಯಲ್ಲಿ ಹೆಸರು ಬಂದರೆ ಊರೂರಿನ ಗೆಳೆಯರು ರೇಡಿಯೋದಲ್ಲಿ ಆ ಹೆಸರು ಕರೆದು ಒಂದು ನಿಮಿಷ ಸುಮ್ಮನಿರುತ್ತಾರೆ. ಅವನಿಗೆ ಅದೊಂದು ಸಿಗಲೇಬೇಕೆಂದು, ಮಣ್ಣು ಮಾಡಿ ಬಂದ ಸಂಜೆಯೇ ಸಂಘದ ಫಾರಂ ತುಂಬಿ ಕಳಿಸಿದೆ.

ಮೂರು ತಿಂಗಳಿಗೆ ಪತ್ರಿಕೆ ಬಂತು. ಮೌನವಾದವರ ಪಟ್ಟಿಯಲ್ಲಿದ್ದದ್ದು ನನ್ನ ಹೆಸರು. ಸಂಘಕ್ಕೆ ನಾನು ಸಲ್ಲಿಸಿದ ಸೇವೆ ಮರೆಯಲಾಗದ್ದಂತೆ. ಬದುಕಿದ್ದಾಗ ನಾನು ಬರೆದ ಒಂಬತ್ತು ಕಾಗದಗಳನ್ನು ಮಾತ್ರ ಚೆನ್ನಾಗಿ ಮರೆತಿದ್ದರು. ಸೆಟ್ಟು ಹಾಕಿ, ನಾನು ಸತ್ತಿಲ್ಲ ಎಂದು ಸಿಕ್ಕಸಿಕ್ಕವರಿಗೆ ಹೇಳಿದೆ. ಹತ್ತೇ ದಿನದಲ್ಲಿ ಸಂಘದಿಂದ ನನ್ನ ಮನೆಯವರಿಗೆ ಎಚ್ಚರಿಕೆ ಬಂತು: ನಮ್ಮ ದಿವಂಗತ ಸದಸ್ಯರ ಹೆಸರಿನಲ್ಲಿ ಯಾರೋ ಅಕ್ರಮವಾಗಿ ಮಾತಾಡುತ್ತಿದ್ದಾರೆ, ಕೂಡಲೇ ತಡೆಯತಕ್ಕದ್ದು. "ಹನ್ನೊಂದು ವರ್ಷದಿಂದ ತಡೆಯೋಕಾಗಿಲ್ಲ, ಈಗ ಹೆಂಗ್ ತಡೀಲಿ?" ಎಂದಳು ಹೆಂಡತಿ.

ಅದೇ ವಾರ ಬಸವರಾಜನ ಹೆಂಡತಿ ಗೌರಮ್ಮ ಇನ್ನೊಂದು ಕಾಗದ ಹಿಡಿದು ಬಂದರು. "ನೋಡಿ ಅಣ್ಣ, ಇವರ ಹೆಸರಿಗೆ ಬಂದಿದೆ. ಏನೋ ಥ್ಯಾಂಕ್ಸ್ ಅಂತೆ." ಗೆಳೆಯ ನಂಜುಂಡಯ್ಯನವರ ಸಾವನ್ನು ತಿಳಿಸಿದ್ದಕ್ಕಾಗಿ ಸಂಘ ಬಸವರಾಜನಿಗೆ ಕೃತಜ್ಞತೆ ಸಲ್ಲಿಸಿತ್ತು. ನನಗೆ ಮೈಯೆಲ್ಲ ಉರಿಯಿತು. ಇದ್ದವನಾರು, ಹೋದವನಾರು ಎಂದು ತಿಳಿಯದ ಸಂಘ ಯಾವ ಪುರುಷಾರ್ಥಕ್ಕೆ ಎಂದು ಅಧ್ಯಕ್ಷರಿಗೆ ನಾಲ್ಕು ಪುಟ ಬರೆಯಲು ಕೂತೆ. ಪುರಾವೆಗೆ ಫಾರಮಿನ ನಕಲು ಬೇಕಿತ್ತು. ನಾನು ವೃತ್ತಿಯಲ್ಲಿ ಗುಮಾಸ್ತ, ಕಾರ್ಬನ್ ಇಡದೆ ಏನನ್ನೂ ಬರೆಯುವವನಲ್ಲ. ನಕಲು ಹುಡುಕಿ ತಂದ ಹೆಂಡತಿ ಅದನ್ನು ಕೈಗೆ ಕೊಡದೆ ನಿಂತೇ ಇದ್ದಳು.

"ರೀ, ಅವರದ್ದೇನೂ ತಪ್ಪಿಲ್ಲ. ನೀವೇ ಹಿಂಗೆ ಬರ್ದಿದೀರಿ."

'ಮೌನವಾದ ಸದಸ್ಯರು' ಎಂಬಲ್ಲಿ ನನ್ನದೇ ಗುಂಡು ಅಕ್ಷರದಲ್ಲಿ ನನ್ನ ಹೆಸರು. 'ತಿಳಿಸುವವರು' ಎಂಬಲ್ಲಿ ಬಸವರಾಜ. ಕೆಳಗೆ ನನ್ನ ಸಹಿ. ಸತ್ತವನೇ ಸಹಿ ಹಾಕಿದ್ದನ್ನು ಸಂಘದಲ್ಲಿ ಒಬ್ಬರೂ ಗಮನಿಸಿರಲಿಲ್ಲ, ಆದರೆ ಅದನ್ನು ಎತ್ತಿ ಆಡುವುದು ಬಿಟ್ಟು ನಕಲನ್ನು ಗೌರಮ್ಮನ ಕೈಗಿಟ್ಟೆ. ಗೌರಮ್ಮ ನೋಡಿ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವರಿದ್ದಿದ್ರೆ ವರ್ಷವೆಲ್ಲ ಇದನ್ನೇ ಹೇಳ್ಕೊಂಡು ನಗೋರು" ಎಂದರು.

ಅಧ್ಯಕ್ಷರಿಗೆ ನಾಲ್ಕು ಪುಟದ ಬದಲು ನಾಲ್ಕೇ ಸಾಲು ಬರೆದೆ. ಮುಂದಿನ ಸಂಚಿಕೆಯಲ್ಲಿ ನಾನು ಬದುಕಿದ್ದೇನೆಂಬ ತಿದ್ದುಪಡಿ ಬಂತು. ಜೊತೆಗೆ ಬಸವರಾಜನ ಹೆಸರು ತುಂಬಲು ಹೊಸ ಫಾರಮನ್ನೂ ಕಳಿಸಿದ್ದರು. ಅದು ಕಾರ್ಬನ್ ಸಮೇತ ನನ್ನ ಮೇಜಿನ ಮೇಲೆ ಖಾಲಿಯಾಗಿಯೇ ಇದೆ. ಅದಾಗಿ ಎರಡು ಸಂಚಿಕೆ ಬಂದುಹೋದವು. ಈ ಸಂಘದವರು ಎಲ್ಲದಕ್ಕೂ ತಡಮಾಡುತ್ತಾರೆ ಎಂದು ಈಗಲೂ ಎಲ್ಲರೆದುರು ಬೈಯುತ್ತೇನೆ. ಬಸವರಾಜನ ಹೆಸರು ಆ ಪುಟದಲ್ಲಿ ಇನ್ನೂ ಬಂದಿಲ್ಲ.