ಆರು ಹೆಡಗಿ ಸರಕಾರಿ ನೇರಳೆ

ಮೂರು ವರ್ಷದಲ್ಲಿ ಅಂದಾನೆಪ್ಪ ಹಿಡಿದದ್ದು ಒಂದೇ ಕೇಸು. ಹಿಡಿದ ಅರ್ಧ ತಾಸಿಗೇ, ಯಾಕಾದರೂ ಹಿಡಿದೆನೋ ಅನ್ನಿಸಿತು.

ಹಳಿಯಾಳ–ದಾಂಡೇಲಿ ರಸ್ತೆಯ ಜಂಗಲ್ ನಾಕಾದಲ್ಲಿ ಅವನು ಹಂಗಾಮಿ ಗಾರ್ಡ. ಆ ದಿನ ಮಧ್ಯಾಹ್ನ ರೇಂಜ್ ಸಾಹೇಬರು ಬಂದು, ನಾಕಾ ತಪಾಸಣೆ ಮಾಡಿ, ಅವನ ನೌಕರಿ ಖಾಯಂ ಮಾಡುವ ಶಿಫಾರಸಿಗೆ ಸಹಿ ಹಾಕುವವರಿದ್ದರು. ಜಪ್ತಿ ರಿಜಿಸ್ಟರು ನೋಡಿದರೆ ಮದುವೆ ಸೀರೆಯಂತೆ ಮಡಿಕೆ ಬಿಚ್ಚದೆ ಕೂತಿತ್ತು. ಅದಕ್ಕೇ ಬೆಳಿಗ್ಗೆ ಒಂದು ಚಕ್ಕಡಿ ಪಾಸಿಲ್ಲದೆ ಆರು ಹೆಡಗಿ ನೇರಳೆ ಹಣ್ಣು ಹೇರಿಕೊಂಡು ಬಂದಾಗ, ಹುಲಿ ಸಿಕ್ಕವನಂತೆ ಅಡ್ಡ ನಿಂತುಬಿಟ್ಟ. ಚಕ್ಕಡಿಯವನು ವಾದ ಮಾಡಲಿಲ್ಲ. "ತಗೋರಿ ಸಾಹೇಬ್ರ, ಸಂತ್ಯಾಗ ಇವನ್ನ ಯಾರೂ ಮೂಸಿ ನೋಡವಲ್ರು," ಅಂದು ಆರೂ ಹೆಡಗಿ ಇಳಿಸಿ, ಎತ್ತಿನ ಬಾಲ ತಿರುವಿ ಹೋಗಿಯೇಬಿಟ್ಟ. ಅಂದಾನೆಪ್ಪ ಹಿಗ್ಗಿನಲ್ಲಿ ಆರೂ ಹೆಡಗಿ ರಿಜಿಸ್ಟರಿಗೆ ಏರಿಸಿಬಿಟ್ಟ.

ಹತ್ತು ಗಂಟೆಗೆ ಸೆಕೆ ಏರಿತು. ಹಣ್ಣು ಬಿರಿದು ರಸ ಹೊಸ್ತಿಲು ದಾಟಿತು. ಇರುವೆ, ನೊಣ, ಕಣಜ ಎಲ್ಲಾ ಪಾಸಿಲ್ಲದೆಯೇ ಒಳಗೆ ಬಂದವು.

ಹೆಂಡತಿ ಶಂಕ್ರವ್ವ ನಾಕಾದ ಹಿಂದಿನ ಮನೆಯಿಂದ ಬಂದು ಸೊಂಟಕ್ಕೆ ಕೈಯಿಟ್ಟಳು. "ಇವು ಸಂಜೀತನಾ ಉಳಿಯೂದಿಲ್ರಿ. ಓಣ್ಯಾಗ ಹಂಚಿಬಿಡೂಣು."

"ಸರಕಾರಿ ಮಾಲು ದಾನ ಮಾಡಾಕ ನಾವ್ಯಾರು?"

"ಹಂಗಾರ ತಿಂದಬಿಡೂಣು."

"ಕಳವು!"

"ತಿಪ್ಪಿಗೆ ಹಾಕ್ರಿ."

"ಪುರಾವಾ ನಾಶ! ಶಂಕ್ರಿ, ನನ್ನ ಜೈಲಿಗೆ ಕಳಸಬೇಕಂತ ಮಾಡಿಯೇನು? ಬರೇ ಕೆಟ್ಟರೂ ಸಾಕು, ಖಾಯಂ ಹೋತು!"

ಹಣ್ಣಿನ ವಾಸನೆ ಹಿಡಿದು ಅಡಿವೆಯ್ಯನವರು ಬಂದರು. ಅವರು ನಿವೃತ್ತ ತಲಾಟಿ. ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾದರೂ ರಿಜಿಸ್ಟರಿನಲ್ಲಿ ಅಚ್ಚಾದ ಕಾಯ್ದೆ ಇನ್ನೂ ಮರಾಠಿಯದೇ ಆದ್ದರಿಂದ, ಅದನ್ನು ಓದಲು ಆ ಓಣಿಯಲ್ಲಿ ಅವರೊಬ್ಬರೇ ಗತಿ. ಕನ್ನಡಕ ಏರಿಸಿ ಓದಿದರು.

"ನೋಡಪಾ ಅಂದಾನಿ, ಮಾಲು ಕೆಡದಂಗ ಜತನ ಮಾಡಬೇಕು ಅಂತೈತಿ. ಹಣ್ಣಾಗೇ ಇರಬೇಕು ಅಂತ ಎಲ್ಲೂ ಬರದಿಲ್ಲ. ಪಾಕ ಮಾಡು, ಉಪ್ಪು ಹಾಕು, ಬೀಜ ಒಣಗಿಸು. ಹ್ಯಾಂಗಿದ್ರೂ ಮಾಲು ಮಾಲೇ."

"ರುಚಿ ಕೆಟ್ಟರ ಹ್ಯಾಂಗ್ರಿ ಅಜ್ಜಾರ?"

"ಅದನ್ನ ನಾ ನೋಡ್ತೇನಲ್ಲ," ಅಂದು ಅವರು ಹೆಡಗಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು.

ಅಷ್ಟರಲ್ಲಿ ತಾಂಡಾದ ಗೋಮಿಬಾಯಿ ಕಟ್ಟಿಗೆ ಹೊರೆ ಹೊತ್ತು ನಾಕಾ ದಾಟಲು ಬಂದವಳು, ಅಂದಾನೆಪ್ಪ ಹಣ್ಣು ಹಿಸುಕುವ ಚೆಂದ ನೋಡಿ ಹೊರೆ ಇಳಿಸಿದಳು. "ಕೂಸಿನ ಗಲ್ಲ ಸವರಾಕ ಹತ್ತೀರೇನು ಗಾರ್ಡಸಾಹೇಬ್ರ? ಸರೀರಿ ಆಕಡೆ!"

ಸ್ನಾನದ ಹಂಡೆ ಒಲೆಯೇರಿತು. ಶಂಕ್ರವ್ವನ ವರ್ಷದ ಬೆಲ್ಲವೆಲ್ಲ ಅದರೊಳಗೆ ಹೋಯಿತು. ಬೀಜ ಒಣಗಲು ಮಾಡಿನ ಮೇಲೆ ಗೋಣಿ ಹಾಸಿದರೆ ಮೋಡ ಬಂತು. ಇಳಿಸಿದರೆ ಬಿಸಿಲು ಬಿತ್ತು. ಅಂದಾನೆಪ್ಪ ನಾಲ್ಕು ಸಲ ಏಣಿ ಹತ್ತಿಳಿದ. ನೇರಳೆ ಕಲೆ ಬಿದ್ದು ಅವನ ಖಾಕಿ ಅಂಗಿ ಗೋಡೆಗೆ ತೂಗುಹಾಕುವ ನಕಾಶೆಯಂತಾಯಿತು.

ಮೂರು ಗಂಟೆಗೆ ಎರಡು ಭರಣಿ ಪಾಕ, ಒಂದು ಗಡಿಗೆ ಉಪ್ಪು ಹಣ್ಣು, ಎರಡು ಮೊರ ಬೀಜ ಮೇಜಿನ ಮೇಲೆ ಸಾಲಾಗಿ ನಿಂತವು. ಅಂದಾನೆಪ್ಪ ನಿಟ್ಟುಸಿರು ಬಿಟ್ಟು ಅಡಿವೆಯ್ಯನವರ ಕಡೆ ತಿರುಗಿದ. ಅವರು ಆಕಳಿಸುತ್ತಿದ್ದರು. ನಾಲಿಗೆ ಮಸಿದವತಿಯಲ್ಲಿ ಅದ್ದಿ ತೆಗೆದಂತಿತ್ತು! ಗೋಮಿಬಾಯಿಯದೂ ಅಷ್ಟೇ. ಶಂಕ್ರವ್ವನದೂ ಅಷ್ಟೇ. ಓಡಿಹೋಗಿ ಕನ್ನಡಿ ನೋಡಿದ. ಬರೀ ಉಪ್ಪಿನ ರುಚಿ ನೋಡಿದ್ದ ತನ್ನದೂ ಅಷ್ಟೇ!

"ಅಯ್ಯ ಶಿವನ! ತಿಂದಿಲ್ಲ ಅನ್ನಾಕ ಬಾಯಿ ತಗದರ ತಿಂದದ್ದ ಕಾಣ್ತೈತಿ!"

ಹೊರಗೆ ಜೀಪು ನಿಂತಿತು.

"ಯಾರೂ ಬಾಯಿ ಬಿಡಬ್ಯಾಡ್ರಿ!"

ಸಾಹೇಬರು ಒಳಗೆ ಬಂದು ರಿಜಿಸ್ಟರು ನೋಡಿದರು. "ಆರು ಹೆಡಗಿ ಹಣ್ಣು ಎಲ್ಲೆ?"

ಅಂದಾನೆಪ್ಪ ತುಟಿ ಬಿಗಿದು ಭರಣಿ ತೋರಿಸಿದ. ಹಿಸುಕುವಂತೆ, ಕುದಿಸುವಂತೆ ಕೈಯಾಡಿಸಿದ.

"ಇವಗೇನಾಗೈತ್ರಿ, ಅಜ್ಜಾರ?"

ಅಡಿವೆಯ್ಯನವರು ಕಣ್ಣು ಮುಚ್ಚಿ ಜಪಕ್ಕೆ ಕೂತರು.

"ನೀ ಹೇಳಬೇ, ಬಾಯಿ."

ಗೋಮಿಬಾಯಿ ಮುಸುಕೆಳೆದುಕೊಂಡಳು.

"ನಾಕಾದಾಗ ಮೂಕರನ್ನ ಕೂಡಿ ಹಾಕಿಯೇನೋ?" ಸಾಹೇಬರ ಮುಖ ಕೆಂಪಾಯಿತು. ಶಂಕ್ರವ್ವ ಭರಣಿಯ ಪಾಕ ನೀರಿಗೆ ಕದಡಿ ಒಂದು ಲೋಟ ಪಾನಕ ಮುಂದಿಟ್ಟಳು. ಸಾಹೇಬರು ಸಿಟ್ಟಿನಲ್ಲೇ ಕುಡಿದರು. ಲೋಟ ಮುಂದೆ ಚಾಚಿದರು. ಇನ್ನೊಂದು. ಮತ್ತೊಂದು.

"ಭೇಷ್!" ಅಂದರು ಸಾಹೇಬರು. ಅವರ ನಾಲಿಗೆಯೂ ನೀಲಿ! ಅಂದಾನೆಪ್ಪನಿಗೆ ಜೀವ ಬಂತು, ಬಾಯಿಯೂ ಬಂತು.

"ಸಾಹೇಬ್ರ, ಖಾಯಂ ಕಾಗದ..."

"ಸಹಿ ಹಾಕಾಕಂತೇ ಬಂದಿದ್ದೆ ನೋಡು." ಸಾಹೇಬರು ಕಾಗದ ತೆಗೆದರು, ಪೆನ್ನಿನ ಟೊಪ್ಪಿಗೆ ಬಿಚ್ಚಿದರು, ಮೂಗಿನ ಮೇಲೆ ಬೆರಳಿಟ್ಟು ಯೋಚಿಸಿದರು. "ಆದರ ಖಾಯಂ ಆದವನ್ನ ಬ್ಯಾರೆ ನಾಕಾಕ್ಕ ವರ್ಗಾ ಮಾಡಲೇಬೇಕು, ಕಾಯ್ದೆ ಐತಿ. ಮಾಲು ಹಿಂಗ ಜತನ ಮಾಡೂ ಮನಶ್ಯಾನ್ನ ನಾ ಹ್ಯಾಂಗ ಬಿಟ್ಟುಕೊಡ್ಲಿ? ನೀ ಹಂಗಾಮಿನೇ ಇರು, ತಮ್ಮಾ. ಇಲ್ಲೇ ಇರು."

ಕಾಗದ ನಾಲ್ಕು ಮಡಿಕೆಯಾಗಿ ಕಿಸೆ ಸೇರಿತು. ಒಂದು ಭರಣಿ ಜೀಪು ಸೇರಿತು. ಜೀಪು ಹೊರಡುವಾಗ ಸಾಹೇಬರು ತಲೆ ಹೊರಗೆ ಹಾಕಿ ಕೂಗಿದರು:

"ಅನಮೋಡ ನಾಕಾದಾಗ ಮೂರು ಗಾಡಿ ಹಲಸು ಹಿಡದಾರ. ನಾಳೆ ಮುಂಜಾನೆ ಇಲ್ಲಿಗೇ ಕಳಸ್ತೇನಿ!"

ಅಂದಾನೆಪ್ಪ ತೆರೆದ ಬಾಯಿ ತೆರೆದೇ ನಿಂತ. ಗೋಮಿಬಾಯಿ ಹೊರೆ ಎತ್ತಿಕೊಳ್ಳುತ್ತ, ಶಂಕ್ರವ್ವನಿಗೆ ಮೆಲ್ಲಗೆ ಅಂದಳು:

"ಅಕ್ಕಾ, ಹಲಸಿನ ಮೇಣ ಭಾಳ ಅಂಟತೈತಿ. ಎಣ್ಣಿ ಈಗಿಂದನ ತೆಗದಿಡು."